ಒಂದೇ ವಾರ್ಡಿನಲ್ಲಿ ನಾನೂ ಅತ್ತೆಯೂ

ನನಗೆ ಟಿ.ಬಿ. ಬಂದಿತ್ತು ಎಂದು ಹೇಳಿದರೆ ಈಗಲೂ ಕೆಲವರು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ವಾಸಿಯಾಗಿ ವರ್ಷಗಳಾದವು ಎಂದರೂ ಅಷ್ಟೆ. ಅದಕ್ಕೆ ಬೇಸರ ಪಟ್ಟುಕೊಳ್ಳುವುದನ್ನು ಬಿಟ್ಟಿದ್ದೇನೆ. ಆದರೆ ಆ ಕಾಯಿಲೆಯ ಜೊತೆಗೇ ನಮ್ಮ ಮನೆಯಲ್ಲಿ ನಡೆದುಹೋದದ್ದನ್ನು ಇಷ್ಟು ದಿನ ಯಾರ ಹತ್ತಿರವೂ ಪೂರ್ತಿಯಾಗಿ ಹೇಳಿಲ್ಲ. ಇದೇ ಕಾಯಿಲೆಯಲ್ಲಿ ಮಲಗಿಕೊಂಡು, ಮನೆಯವರ ಮೇಲಿನ ಕೋಪದಲ್ಲಿ ಬೇಯುತ್ತಾ, ದೇವರ ಹೆಸರು ಹೇಳುವುದಕ್ಕೂ ಬಾಯಿ ಬಾರದೆ ಇರುವವರು ಎಲ್ಲೋ ಇದ್ದೇ ಇರುತ್ತಾರೆ. ಅವರನ್ನು ನೆನೆದುಕೊಂಡು ಬರೆಯುತ್ತಿದ್ದೇನೆ.

ಮದುವೆಗೆ ಮುಂಚೆ ನಾನು ಯಶವಂತಪುರದ ಒಂದು ಮಿಷನ್ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಗಂಡ ಅಂತೋಣಿ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮದುವೆಯಾದ ಮೇಲೆ ಅಲ್ಲೇ ಕ್ವಾರ್ಟರ್ಸು ಸಿಕ್ಕಿತು. ಹೊಸ ಸುಣ್ಣದ ವಾಸನೆ ಇನ್ನೂ ಹೋಗಿರದ ಮನೆ, ಹಿತ್ತಿಲಲ್ಲಿ ಒಂದು ನಲ್ಲಿ. ಮರುವರ್ಷ ಗಂಡುಮಗು ಹುಟ್ಟಿತು. ಜ್ಞಾನಸ್ನಾನದಲ್ಲಿ ಜೋಸೆಫ್ ಎಂದು ಹೆಸರಿಟ್ಟೆವು. ಮನೆಯಲ್ಲಿ ಎಲ್ಲರಿಗೂ ಅವನು ಚಿನ್ನು.

ನನಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಅತ್ತೆಯೇ ಬಂದರು. ಜ್ಞಾನಮ್ಮ ಎಂದು ಅವರ ಹೆಸರು. ಶೆಟ್ಟಿಹಳ್ಳಿಯಿಂದ ರಾಗಿಹಿಟ್ಟಿನ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು ನಡೆದೇ ಬಂದಿದ್ದರು. ಬಾಗಿಲಲ್ಲಿ ಚೀಲ ಇಳಿಸಿ ಬಹಳ ಹೊತ್ತು ಕೆಮ್ಮಿದರು. "ದಮ್ಮು ಕಣವ್ವ, ಮೊದಲಿಂದ್ಲೂ ಐತೆ" ಎಂದರು. ನಾನು ನಂಬಿದೆ. ಅವರು ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಬಿಸಿನೀರು ಹುಯ್ಯುವುದನ್ನು ನೋಡಲು ಅಕ್ಕಪಕ್ಕದ ಹೆಂಗಸರು ಬರುತ್ತಿದ್ದರು. ಅಷ್ಟು ಚೆನ್ನಾಗಿ ಮಾಡುತ್ತಿದ್ದರು. ಸ್ನಾನವಾದ ಮೇಲೆ ಮಗುವಿನ ಮುಖವನ್ನು ಹತ್ತಿರ ತಂದುಕೊಂಡು ನೆತ್ತಿಗೆ, ಕಿವಿಗೆ ಉಫ್ ಎಂದು ಊದುತ್ತಿದ್ದರು. ಅವನು ನಗುತ್ತಿದ್ದ. ರಾತ್ರಿ ಅವರ ಪಕ್ಕದಲ್ಲೇ ಮಲಗುತ್ತಿದ್ದ.

ಅಂಬೆಗಾಲಿಡುವ ಹೊತ್ತಿಗೆ ಅವನಿಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. ಆಮೇಲೆ ಕತ್ತು ಹಿಂದಕ್ಕೆ ಸೆಟೆದುಕೊಂಡಿತು, ಕಣ್ಣು ಮೇಲಕ್ಕೆ ಹೋಯಿತು. ದೊಡ್ಡಾಸ್ಪತ್ರೆಗೆ ಒಯ್ದಾಗ ಮಿದುಳಿಗೆ ಜ್ವರ ಏರಿದೆ ಎಂದರು. ನನ್ನ ಮಡಿಲಲ್ಲೇ ಹೋದ. ಚರ್ಚಿನ ಸಮಾಧಿ ಭೂಮಿಯಲ್ಲಿ ಮಣ್ಣು ಮಾಡಿ ಬಂದ ದಿನ ಅತ್ತೆ ಗೋಡೆಗೆ ತಲೆ ಚಚ್ಚಿಕೊಂಡು ಅತ್ತರು. ಅವರನ್ನು ಹಿಡಿದು ಸಮಾಧಾನ ಮಾಡಿದವಳು ನಾನು.

ಕೆಲವು ತಿಂಗಳ ಮೇಲೆ ನನಗೆ ಸಂಜೆಯಾದರೆ ಮೈ ಬಿಸಿಯಾಗತೊಡಗಿತು. ಕೆಮ್ಮು ಶುರುವಾಯಿತು. ಮಗು ಹೋದ ದುಃಖಕ್ಕೆ ಇಳಿದುಹೋಗುತ್ತಿದ್ದೇನೆ ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಕೆಮ್ಮು ಬಂತು. ಸೋಪಿನ ನೊರೆಯ ಮೇಲೆ ಕೆಂಪಗೆ ಬಿತ್ತು. ನೀರು ಹುಯ್ದು ತೊಳೆದುಬಿಟ್ಟೆ. ಮಾರನೆಯ ದಿನ ಮತ್ತೆ ಬಂತು.

ಡಾಕ್ಟರು ನನಗೆ ಎಕ್ಸ್-ರೇ ತೆಗೆಸಿದರು. ಆಮೇಲೆ ಮನೆಯವರೆಲ್ಲರಿಗೂ ತೆಗೆಯಬೇಕು ಎಂದರು. ನಾವು ಮೂವರೂ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತಿದ್ದೆವು. ಬೆಂಚು ತುಂಬಿತ್ತು. ಎಲ್ಲ ಕಡೆಯೂ ಕೆಮ್ಮು. ಅತ್ತೆ ಜಪಸರವನ್ನು ಸೆರಗಿನೊಳಗೆ ಉರುಳಿಸುತ್ತಾ ಕೂತಿದ್ದರು. ಒಳಗೆ ಕರೆದರು. ಅಂತೋಣಿಯ ಎದೆಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಅತ್ತೆಯ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಇದು ಹಳೇದು ಅಮ್ಮ. ನಿಮಗೆ ಮೊದಲೇ ಯಾರಾದ್ರೂ ಡಾಕ್ಟರು ಹೇಳಿರಲಿಲ್ವಾ?"

ಅತ್ತೆ ನೆಲ ನೋಡಿದರು.

"ಏಳಿದ್ರು" ಎಂದರು.

"ಯಾವಾಗ?"

"ಮೊಮ್ಮಗ ಉಟ್ಟಕ್ಕೆ ಮುಂಚೆ. ಸೂಜಿ ಆಕುಸ್ಕೋಬೇಕು ಅಂದ್ರು. ಒಸಿ ದಿನ ಆಕುಸ್ಕೊಂಡೆ, ಆಮೇಲೆ ಬುಟ್ಬುಟ್ಟೆ."

ಡಾಕ್ಟರು ಫಿಲ್ಮನ್ನು ಮೇಜಿನ ಮೇಲಿಟ್ಟರು. "ಆ ಮಗು" ಎಂದವರು ನನ್ನ ಮುಖ ನೋಡಿ ನಿಲ್ಲಿಸಿದರು. ಮಗುವಿನ ಮಿದುಳಿಗೆ ಏರಿದ್ದೂ ಇದೇ ಕಾಯಿಲೆ ಎಂದು ಅವರು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಎದ್ದು ಹೊರಗೆ ಬಂದೆ. ಬೆಂಚಿನ ಮೇಲೆ ನನ್ನ ಜಾಗದಲ್ಲಿ ಇನ್ನೊಬ್ಬರು ಕೂತಿದ್ದರು. ನಿಂತುಕೊಂಡೇ ಇದ್ದೆ.

ಯಲಹಂಕದ ರಸ್ತೆಯಲ್ಲಿ, ಹೆಬ್ಬಾಳದ ಕೆರೆ ದಾಟಿದ ಮೇಲೆ, ಕನ್ಯಾಸ್ತ್ರೀಯರು ನಡೆಸುತ್ತಿದ್ದ ಒಂದು ಸ್ಯಾನಟೋರಿಯಂ ಇತ್ತು. ನನ್ನನ್ನು ಅಲ್ಲಿಗೆ ಸೇರಿಸಿದರು. ಅರ್ಧ ಗೋಡೆ, ಅರ್ಧ ಜಾಲರಿ ಇರುವ ಉದ್ದನೆಯ ವಾರ್ಡು. ಎರಡು ಸಾಲು ಕಬ್ಬಿಣದ ಮಂಚಗಳು. ಪ್ರತಿ ಮಂಚದ ಪಕ್ಕದಲ್ಲೂ ಮುಚ್ಚಳವಿರುವ ಉಗುಳುವ ಡಬ್ಬಿ. ದಿನಾ ಸೂಜಿ ಚುಚ್ಚುತ್ತಿದ್ದರು. ಕೂರಲಾಗದಷ್ಟು ನೋವು, ಕಿವಿಯಲ್ಲಿ ಯಾವಾಗಲೂ ಜೀರುಂಡೆ ಕೂಗಿದ ಹಾಗೆ. ನುಂಗಬೇಕಾದ ಮಾತ್ರೆಗಳನ್ನು ನೋಡಿದರೇ ಹೊಟ್ಟೆ ತೊಳಸುತ್ತಿತ್ತು. ಹಾಸಿಗೆ ಬಿಟ್ಟು ಏಳಕೂಡದು, ಕೈ ಎತ್ತಿ ತಲೆ ಬಾಚಿಕೊಳ್ಳಕೂಡದು. ಮಲಗಿದ್ದವಳಿಗೆ ಯೋಚನೆ ಮಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ನನ್ನ ಯೋಚನೆ ಒಂದೇ. ಉಫ್ ಎಂದು ಊದುತ್ತಿದ್ದ ಆ ಬಾಯಿ.

ಅಂತೋಣಿ ಭಾನುವಾರ ಸೈಕಲ್ ಮೇಲೆ ಬರುತ್ತಿದ್ದರು. ಜಾಲರಿಯ ಆಚೆ ವರಾಂಡದಲ್ಲಿ ನಿಂತು ಮಾತಾಡಬೇಕು. ಒಂದು ಸಲ ಅಂದರು, "ಅಮ್ಮಂಗೆ ಅದರ ಬಗ್ಗೆ ಏನ್ ತಿಳಿಯುತ್ತೆ ಲೂರ್ದು? ಗೊತ್ತಿಲ್ದೆ ಆಗಿದ್ದು."

"ಗೊತ್ತಿತ್ತು ಅಂತ ಅವರ ಬಾಯಲ್ಲೇ ಕೇಳಿದ್ರಲ್ಲ."

"ಈಗ ಅವರನ್ನ ಏನ್ ಮಾಡ್ಲಿ ಹೇಳು. ಊರಲ್ಲಿ ನಮ್ಮಣ್ಣನ ಮನೇಲಿ ದನದ ಕೊಟ್ಟಿಗೆ ಪಕ್ಕ ಹಾಕಿದಾರೆ. ತಟ್ಟೆನ ದೂರದಿಂದ ತಳ್ತಾರೆ."

ನಾನು ಗೋಡೆಯ ಕಡೆ ಹೊರಳಿದೆ. ಆಮೇಲೆ ಸೈಕಲ್ಲಿನ ಸ್ಟ್ಯಾಂಡ್ ತೆಗೆದ ಸದ್ದು ಕೇಳಿಸಿತು. ಅವರಿಗೆ ಮಗನೂ ಹೋಗಿದ್ದ, ಹೆಂಡತಿ ಇಲ್ಲಿ, ತಾಯಿ ಅಲ್ಲಿ. ಅದು ನನಗೆ ತಿಳಿಯುತ್ತಿತ್ತು, ಆದರೆ ಮರುಕ ಹುಟ್ಟುತ್ತಿರಲಿಲ್ಲ. ಎದೆಯಲ್ಲಿ ಎಲ್ಲಾ ಒಣಗಿಹೋಗಿತ್ತು.

ಪಕ್ಕದ ಮಂಚದಲ್ಲಿ ಬಶೀರಾ ಎಂಬ ಹೆಂಗಸಿದ್ದಳು. ಯಲಹಂಕದ ಹತ್ತಿರ ಅವಳ ಅಣ್ಣಂದಿರ ದ್ರಾಕ್ಷಿ ತೋಟವಿತ್ತು. ಅವರು ತಂದುಕೊಟ್ಟ ಕಪ್ಪು ದ್ರಾಕ್ಷಿಯನ್ನು ಅವಳು ಒಂದೊಂದೇ ನನ್ನ ಮಂಚಕ್ಕೆ ಎಸೆಯುತ್ತಿದ್ದಳು. "ತಿನ್ನು ಲೂರ್ದಮ್ಮಾ, ನೀನು ಸತ್ರೆ ನಂಗೆ ಮಾತಿಗೆ ಯಾರೂ ಇರಲ್ಲ" ಎನ್ನುತ್ತಿದ್ದಳು. ನಾನು ಅಳುವಾಗ ಯಾಕೆ ಎಂದು ಕೇಳುತ್ತಿರಲಿಲ್ಲ, ತನ್ನ ದಕ್ಕಣಿ ಉರ್ದುವಿನಲ್ಲಿ ಏನೋ ಗುನುಗುತ್ತಾ ಇರುತ್ತಿದ್ದಳು. ಆ ವಾರ್ಡಿನಲ್ಲಿ ನನಗೆ ಸಿಕ್ಕ ತಂಪು ಅಷ್ಟೇ.

ಆಮೇಲೆ ಒಂದು ದಿನ ಸಿಸ್ಟರು ನನ್ನ ಹಾಸಿಗೆಯ ಅಂಚಿನಲ್ಲಿ ಕೂತು, "ಲೂರ್ದಮ್ಮ, ನಿಮ್ಮ ಅತ್ತೆಗೆ ಇಲ್ಲೇ ಮಂಚ ಸಿಕ್ಕಿದೆ. ಹೆಂಗಸರಿಗೆ ಇನ್ನೊಂದು ವಾರ್ಡು ನಮ್ಮಲ್ಲಿಲ್ಲ" ಎಂದರು.

ಅವರನ್ನು ಸ್ಟ್ರೆಚರಿನಲ್ಲಿ ತಂದು ಕೊನೆಯ ಮಂಚದಲ್ಲಿ ಮಲಗಿಸಿದರು. ಅಷ್ಟು ದಪ್ಪ ಜಡೆಯಿದ್ದವರ ತಲೆಯಲ್ಲಿ ಕೂದಲು ಉದುರಿಹೋಗಿತ್ತು. ಅವರು ನನ್ನ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ. ಅವರ ಕೆಮ್ಮು ಮಾತ್ರ ನನಗೆ ಗೊತ್ತಾಗುತ್ತಿತ್ತು. ಇಡೀ ವಾರ್ಡಿನ ಕೆಮ್ಮುಗಳಲ್ಲಿ ಅದೊಂದನ್ನು ನನ್ನ ಕಿವಿ ಹುಡುಕಿಕೊಂಡು ಹೋಗಿ ಹಿಡಿಯುತ್ತಿತ್ತು.

ನನಗೆ ಔಷಧಿ ಹತ್ತಿತು. ಜ್ವರ ಇಳಿಯಿತು, ತೂಕ ಏರತೊಡಗಿತು. ಅವರಿಗೆ ಹತ್ತಲಿಲ್ಲ. ಅರ್ಧಕ್ಕೇ ಬಿಟ್ಟ ಸೂಜಿ ಮತ್ತೆ ಕೆಲಸ ಮಾಡುವುದು ಕಷ್ಟ ಎಂದು ಡಾಕ್ಟರು ಅಂತೋಣಿಗೆ ಹೇಳಿದರಂತೆ. ಅದನ್ನು ಕೇಳಿದಾಗ ನನಗೆ ದುಃಖವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ. ಬದುಕುತ್ತೇನೆ ಎಂದು ತಿಳಿದು ನನಗೆ ಭಯವಾಯಿತು. ಖಾಲಿ ಮನೆಗೆ ಹಿಂತಿರುಗಬೇಕಲ್ಲ.

ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸಿನ ಕಾಲ ಬಂತು. ಅಲ್ಲಿನ ಚಿಕ್ಕ ಚಾಪೆಲಿನಲ್ಲಿದ್ದ ಸಂತರ ಸ್ವರೂಪಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದರು. ಏಳಲಾಗದವರಿಗೆ ಪಾಪನಿವೇದನೆ ಕೇಳಲು ಮುದುಕ ಸ್ವಾಮಿಯವರೊಬ್ಬರು ಮಂಚದಿಂದ ಮಂಚಕ್ಕೆ ಬರುತ್ತಿದ್ದರು. ನನ್ನ ಹತ್ತಿರ ಬಂದಾಗ ನಾನು ತಲೆಯಾಡಿಸಿದೆ.

"ಬೇಡ ಸ್ವಾಮಿ. ನಾನು ಪ್ರಾರ್ಥನೆ ಮಾಡೋದು ಬಿಟ್ಟಿದೀನಿ. ಪರಲೋಕ ಮಂತ್ರದಲ್ಲಿ ತಪ್ಪು ಮಾಡಿದವರನ್ನ ಕ್ಷಮಿಸೋ ಮಾತು ಬರುತ್ತಲ್ಲ, ಅಲ್ಲಿ ನಿಂತುಹೋಗ್ತೀನಿ. ಸುಳ್ಳು ಹೇಳೋಕಾಗಲ್ಲ."

ಅವರಿಗೆ ನಮ್ಮ ವಿಷಯ ತಿಳಿದಿತ್ತು ಅನಿಸುತ್ತೆ. ಸ್ಟೂಲ್ ಎಳೆದು ಕೂತರು.

"ಕ್ಷಮಿಸು ಅಂತ ನನಗೆ ಹೇಳ್ಬೇಡಿ" ಎಂದೆ.

"ಹೇಳಲ್ಲಮ್ಮ."

"ಪಾಸ್ಕ ಹಬ್ಬ ಬರುತ್ತೆ. ಸತ್ತವರು ಎದ್ದರು ಅಂತ ಎಲ್ಲರೂ ಹಾಡ್ತಾರೆ. ನನ್ನ ಮಗು ಏಳಲ್ಲ."

ಅವರು ಕನ್ನಡಕ ತೆಗೆದು ನಿಲುವಂಗಿಯ ತುದಿಯಲ್ಲಿ ಒರೆಸಿದರು. "ನಿನ್ನ ಮಗು ವಿಷಯಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. ಎದ್ದೇ ಏಳ್ತಾನೆ ಅಂತ ನಾನು ನಂಬಿದೀನಿ, ಆದರೆ ಅದು ನಿನ್ನ ಮಡಿಲಿಗೆ ಈಗ ಉಪಯೋಗಕ್ಕೆ ಬರಲ್ಲ ಅಂತ ಗೊತ್ತು. ಒಂದು ಮಾತು ಮಾತ್ರ ಹೇಳ್ತೀನಿ. ಶಿಲುಬೆ ಮೇಲೆ ನೇತಾಡ್ತಾ ಇದ್ದಾಗ ಯೇಸುಸ್ವಾಮಿ ನಾನು ನಿಮ್ಮನ್ನ ಕ್ಷಮಿಸಿದೀನಿ ಅಂತ ಯಾರಿಗೂ ಹೇಳಲಿಲ್ಲ. ಇವರನ್ನ ನೀವೇ ಕ್ಷಮಿಸಿ ಅಂತ ತಂದೇನ ಕೇಳ್ಕೊಂಡ್ರು. ನಿನ್ನ ಕೈಲಿ ಆಗದೇ ಇದ್ರೆ ನೀನೂ ಹಾಗೇ ಕೇಳು. ಸದ್ಯಕ್ಕೆ ಅಷ್ಟು ಸಾಕು."

"ಅದನ್ನೂ ಕೇಳೋಕೆ ಮನಸ್ಸಿಲ್ಲ ಸ್ವಾಮಿ."

"ಸರಿಯಮ್ಮ" ಎಂದು ಎದ್ದು ಹೋದರು. ಕೊನೆಯ ಮಂಚದ ಹತ್ತಿರ ಅವರು ತುಂಬಾ ಹೊತ್ತು ಬಗ್ಗಿ ಕೂತಿದ್ದುದು ನನಗೆ ಕಾಣಿಸಿತು. ಅತ್ತೆಯ ಭುಜಗಳು ಅಲುಗುತ್ತಿದ್ದವು.

ಶುಭಶುಕ್ರವಾರ ಮಧ್ಯಾಹ್ನ ಸಿಸ್ಟರುಗಳು, ನಡೆದಾಡಬಲ್ಲ ರೋಗಿಗಳು ಎಲ್ಲ ಚಾಪೆಲಿಗೆ ಹೋಗಿದ್ದರು. ಯೇಸುಸ್ವಾಮಿ ತೀರಿಹೋದ ದಿನವಾದ್ದರಿಂದ ಗಂಟೆ ಬಾರಿಸುವಂತಿರಲಿಲ್ಲ, ಬದಲಿಗೆ ಮರದ ಗಿಲಕಿಯ ಒಣ ಸದ್ದು ಕೇಳಿಸುತ್ತಿತ್ತು. ವಾರ್ಡಿನಲ್ಲಿ ಇದ್ದ ಆಯಾ ನೀರು ತರಲು ಆಚೆ ಹೋದಳು. ಬಶೀರಾ ಇದ್ದಕ್ಕಿದ್ದ ಹಾಗೆ ಎದ್ದು ಕೂತು, "ಲೂರ್ದಮ್ಮಾ, ನಿನ್ನ ಅತ್ತೆ ನೋಡು" ಎಂದಳು.

ಅತ್ತೆ ಮಂಚದ ಅಂಚಿಗೆ ಬಾಗಿದ್ದರು. ಬಾಯಿಂದ ರಕ್ತ ಸುರಿಯುತ್ತಿತ್ತು. ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಬಶೀರಾ ಆಯಾಳನ್ನು ಕೂಗಿದಳು, ಯಾರೂ ಬರಲಿಲ್ಲ. ಅವಳಿಗೆ ಎರಡು ಹೆಜ್ಜೆ ಇಡುವ ತ್ರಾಣವೂ ಇರಲಿಲ್ಲ. ನಾನು ಎದ್ದೆ. ಯಾಕೆ ಎದ್ದೆ ಎಂದು ಕೇಳಿದರೆ ಗೊತ್ತಿಲ್ಲ. ಕ್ಷಮಿಸಿ ಎದ್ದದ್ದಲ್ಲ, ಅದಂತೂ ನಿಜ. ರಕ್ತದಲ್ಲಿ ಉಸಿರು ಕಟ್ಟುತ್ತಿರುವವರನ್ನು ನೋಡಿಕೊಂಡು ಮಲಗಿರಲು ಆಗಲಿಲ್ಲ, ಅಷ್ಟೆ. ಮಂಚಗಳನ್ನು ಹಿಡಿದುಕೊಂಡು ಹೋಗಿ ಬೇಸಿನ್ ಹಿಡಿದೆ. ಇನ್ನೊಂದು ಕೈಯಿಂದ ಅವರ ಹಣೆಯನ್ನು ಆತುಕೊಂಡೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಆ ದಿನವಾದ ಮೇಲೆ ಅವರನ್ನು ಮುಟ್ಟಿದ್ದು ಅದೇ ಮೊದಲು. ಹಣೆ ತಣ್ಣಗಿತ್ತು.

ರಕ್ತ ನಿಂತ ಮೇಲೆ ಅವರು ನನ್ನ ಕೈ ಎಂದು ಗುರುತು ಹಿಡಿದರು. ಮುಖವನ್ನು ಆ ಕಡೆ ತಿರುಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡರು, ತಮ್ಮ ಉಸಿರು ನನಗೆ ತಾಕದ ಹಾಗೆ.

"ಓಗವ್ವ, ನಿನ್ ಆಸಿಗೇಗೆ ಓಗು" ಎಂದರು.

ನಾನು ಹೋಗಲಿಲ್ಲ. "ಯಾಕೆ ಹೇಳಲಿಲ್ಲ ಅತ್ತೆ?" ಎಂದೆ. ಎಷ್ಟೋ ತಿಂಗಳಿಂದ ಒಳಗಿದ್ದ ಪ್ರಶ್ನೆ ಅದೊಂದೇ.

ಸೆರಗಿನ ಒಳಗಿಂದಲೇ ಮಾತಾಡಿದರು, ನಿಲ್ಲಿಸಿ ನಿಲ್ಲಿಸಿ. "ಏಳಿದ್ರೆ ಮಗೀನ ಎತ್ಕೊಳಾಕೆ ಬುಡ್ತಿರ್ಲಿಲ್ಲ. ನಾಕ್ ದಿನ ಎತ್ಕೊಂಡು ಆಮ್ಯಾಕೆ ಏಳಾನ ಅನ್ಕಂಡೆ. ದಿನಾ ನಾಳೆ ಏಳ್ತೀನಿ, ನಾಳೆ ಏಳ್ತೀನಿ ಅಂತಿದ್ದೆ. ಅವನು ನನ್ ನೋಡಿ ನಗೋನು. ಆಗ್ಲಿಲ್ಲ ಕಣವ್ವ."

ನಾನು ಬೇಸಿನ್ ಕೆಳಗಿಟ್ಟೆ.

"ಸಮಿಸು ಅಂತ ನಾನು ಕೇಳಾಕಿಲ್ಲ. ಕೇಳಾಕೆ ನಂಗೆ ಮುಖ ಇಲ್ಲ. ಒಂದು ಮಾತು ನಡ್ಸಿಕೊಡು. ನಾನು ಸತ್ರೆ ಅವನ ಪಕ್ಕ ಮಡಗಬ್ಯಾಡಿ. ದೂರ ಎಲ್ಲಾದ್ರೂ ಮಡಗಿ. ಅಲ್ಲಾದ್ರೂ ನನ್ನಿಂದ ದೂರ ಇರ್ಲಿ ಆ ಕೂಸು."

ಅಷ್ಟರಲ್ಲಿ ಆಯಾ ಓಡಿಬಂದಳು. ಹಿಂದೆಯೇ ಸಿಸ್ಟರ್ ಬಂದು, ನನ್ನನ್ನು ಎದ್ದದ್ದಕ್ಕೆ ಗದರಿ, ಹಿಡಿದುಕೊಂಡು ಬಂದು ಮಲಗಿಸಿದರು. ಕೈಗೆ ಅಂಟಿದ ರಕ್ತವನ್ನು ಅವರೇ ತೊಳೆದರು. ನಾನು ಆವತ್ತು ಅತ್ತೆಗೆ ಕ್ಷಮಿಸಿದೆ ಎಂದು ಹೇಳಲಿಲ್ಲ. ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಮಲಗಿಕೊಂಡು ಮಾಡಿನ ಹೆಂಚು ನೋಡುತ್ತಾ, ಸ್ವಾಮಿಯವರು ಹೇಳಿಕೊಟ್ಟ ಹಾಗೆ, ನನ್ನ ಕೈಲಾಗಲ್ಲ, ನೀವೇ ಏನಾದರೂ ಮಾಡಿ ಎಂದೆ. ಪ್ರಾರ್ಥನೆ ಎನ್ನುವುದಕ್ಕಿಂತ ಸಾಕಾಗಿ ಹೋಗಿ ಅಂದ ಮಾತು ಅದು.

ಅತ್ತೆ ಶನಿವಾರ ಮಧ್ಯಾಹ್ನ ತೀರಿಕೊಂಡರು. ಅದಕ್ಕೆ ಮುಂಚೆ ಸ್ವಾಮಿಯವರು ಬಂದು ಸಾಯುವವರಿಗೆ ಹಚ್ಚುವ ತೈಲ ಹಚ್ಚಿದ್ದರು. ನಾನು ನನ್ನ ಮಂಚದಲ್ಲೇ ಇದ್ದೆ. ಅವರ ಕೆಮ್ಮಿಗೆ ಕಾಯುತ್ತಿದ್ದ ಕಿವಿಗೆ ಏನೂ ಕೇಳಿಸಲಿಲ್ಲ. ಆಗಲೇ ತಿಳಿಯಿತು.

ಸಂಜೆ ಅಂತೋಣಿ ಬಂದರು. ಮಾರನೆಯ ದಿನ, ಪಾಸ್ಕದ ಪೂಜೆ ಮುಗಿದ ಮೇಲೆ, ಮಣ್ಣು ಮಾಡಲು ಚರ್ಚಿನವರು ಒಪ್ಪಿದ್ದರು. ಜಾಲರಿಯ ಆಚೆ ನಿಂತುಕೊಂಡು, "ನೀನು ಬರೋ ಹಾಗಿಲ್ಲ ಅಂದ್ರು" ಎಂದರು. ಆಮೇಲೆ ಜಾಲರಿಯನ್ನೇ ನೋಡುತ್ತಾ, "ಜಾಗ ತೋರಿಸ್ಬೇಕು. ಎಲ್ಲಿ ಅಂತ ಹೇಳ್ಲಿ?" ಎಂದು ಕೇಳಿದರು.

ಅತ್ತೆ ಹೇಳಿದ್ದನ್ನು ಅವರಿಗೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ಜಾಲರಿಗೆ ಹಣೆ ಒತ್ತಿಕೊಂಡು ಅತ್ತರು. ನಮ್ಮ ಮಗ ಸತ್ತಾಗಲೂ ಅವರು ಹಾಗೆ ಅತ್ತಿರಲಿಲ್ಲ.

"ಸರಿ. ಆ ಕೊನೇಲಿ ಬೇಲಿ ಹತ್ತಿರ ಜಾಗ ಇದೆ. ಅಲ್ಲಿಡ್ತೀವಿ" ಎಂದರು.

"ಬೇಡ" ಎಂದೆ.

ಅವರು ತಲೆಯೆತ್ತಿದರು.

"ಚಿನ್ನು ಪಕ್ಕದಲ್ಲೇ ಇಡಿ. ಅವನಿಗೆ ಒಬ್ಬನೇ ಮಲಗಿ ಅಭ್ಯಾಸ ಇಲ್ಲ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅದನ್ನೇ ಕ್ಷಮೆ ಎನ್ನುತ್ತಾರೋ ಏನೋ. ನನಗೆ ಮನಸ್ಸು ಹಗುರವಾಗಲಿಲ್ಲ. ಬೆಳಕು ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ಚಾಪೆಲಿನ ಗಂಟೆ ಮತ್ತೆ ಮೊಳಗಿತು, ಸಿಸ್ಟರುಗಳು ಪ್ರತಿ ಮಂಚಕ್ಕೂ ಬಣ್ಣ ಹಚ್ಚಿದ ಒಂದೊಂದು ಮೊಟ್ಟೆ ತಂದುಕೊಟ್ಟರು. ಕೊನೆಯ ಮಂಚದಲ್ಲಿ ಹಾಸಿಗೆ ಸುತ್ತಿಟ್ಟಿದ್ದರು. ನಾನು ಹೊದಿಕೆ ಎಳೆದುಕೊಂಡು ಮಧ್ಯಾಹ್ನದವರೆಗೆ ಅಳುತ್ತಿದ್ದೆ. ಮಗುವಿಗಾಗಿ ಅಳಲು ಶುರು ಮಾಡಿದವಳು ಯಾವಾಗ ಆ ಮುದುಕಿಗಾಗಿಯೂ ಅಳತೊಡಗಿದೆನೋ ಗೊತ್ತಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನು ಮನೆಗೆ ಕಳಿಸಿದರು. ಬಶೀರಾ ನನಗಿಂತ ಮೊದಲೇ ಹೋಗಿದ್ದಳು, ಗುಣವಾಗಿ. ಮನೆಯಲ್ಲಿ ತೊಟ್ಟಿಲು ಇರಲಿಲ್ಲ, ಅಂತೋಣಿ ಯಾರಿಗೋ ಕೊಟ್ಟಿದ್ದರು. ಅಕ್ಕಪಕ್ಕದವರು ನಮ್ಮ ನಲ್ಲಿಯಲ್ಲಿ ನೀರು ಹಿಡಿಯುವುದನ್ನು ಬಿಟ್ಟರು. ಎಷ್ಟೋ ದಿನ ಬೆಳಿಗ್ಗೆ ಎದ್ದ ಕೂಡಲೇ ಅತ್ತೆಯ ಮೇಲೆ ಮತ್ತೆ ಕೋಪ ಬರುತ್ತಿತ್ತು, ಏನೂ ಕ್ಷಮಿಸಿಯೇ ಇಲ್ಲವೇನೋ ಎನ್ನುವ ಹಾಗೆ. ಮತ್ತೆ ಅದೇ ಮಾತನ್ನು ದೇವರಿಗೆ ಹೇಳುತ್ತಿದ್ದೆ, ನನ್ನ ಕೈಲಾಗಲ್ಲ ಎಂದು. ಈಗಲೂ ಕೆಲವು ದಿನ ಹಾಗಾಗುತ್ತದೆ. ಅದೇ ಕಾಯಿಲೆಯಲ್ಲಿ ಮಲಗಿರುವವರಿಗೆ ಇದನ್ನು ಮುಚ್ಚಿಡಬಾರದು ಎಂದು ಹೇಳುತ್ತಿದ್ದೇನೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಕೆಲವು ವರ್ಷಗಳ ಮೇಲೆ ನನಗೆ ಮಗಳು ಹುಟ್ಟಿದಳು. ಅವಳನ್ನು ಎದೆಗೆ ಹಾಕಿಕೊಳ್ಳಲು ನನಗೆ ಎಷ್ಟು ಹೆದರಿಕೆಯಾಗಿತ್ತೆಂದರೆ, ನನ್ನ ಎದೆ ಶುದ್ಧವಾಗಿದೆ ಎಂದು ಡಾಕ್ಟರು ಮೂರು ಸಲ ಹೇಳಬೇಕಾಯಿತು. ಅವಳು ಓಡಾಡುವ ಹಾಗಾದ ಮೇಲೂ ಒಂದು ಕೆಮ್ಮು ಬಂದರೆ ರಾತ್ರಿಯೆಲ್ಲ ಹಣೆ ಮುಟ್ಟಿ ನೋಡುತ್ತಾ ಕೂರುತ್ತಿದ್ದೆ.

ಹೋದ ವರ್ಷ ಅವಳಿಗೆ ಜ್ವರ ಬಿಡದೆ ಕಾಡಿದಾಗ ಎಕ್ಸ್-ರೇ ತೆಗೆಸಲು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನೂ ಇರಲಿಲ್ಲ, ಬರೀ ನೆಗಡಿ. ಅಂತೋಣಿ ಅವಳನ್ನು ಎತ್ತಿಕೊಂಡು ಔಷಧಿ ತರಲು ಹೋದರು. ನಾನು ಹೊರಗೆ ಕಾಯುತ್ತಿದ್ದೆ. ಬೆಂಚಿನ ಈ ತುದಿಯಲ್ಲಿ ಜನ ಒತ್ತಿಕೊಂಡು ಕೂತಿದ್ದರು. ಆ ತುದಿಯಲ್ಲಿ ಹಳ್ಳಿಯ ಕಡೆಯ ಮುದುಕಿಯೊಬ್ಬಳು ಒಬ್ಬಳೇ ಇದ್ದಳು. ಬಾಯಿಗೆ ಸೆರಗು ಹಿಡಿದಿದ್ದಳು. ಅವಳ ಪಕ್ಕದಲ್ಲಿ ಜಾಗ ಬೇಕಾದಷ್ಟಿತ್ತು. ನಾನು ಆ ಕಡೆ ಹೋದೆ. ನನ್ನನ್ನು ನೋಡಿ ಅವಳು ಕೈ ಅಡ್ಡ ಹಿಡಿದಳು.

"ಅತ್ರ ಬರಬ್ಯಾಡ ಕಣವ್ವ. ನಂಗೆ ಟಿ.ಬಿ. ಐತೆ. ಮನೇಲಿ ಎಳೇ ಮಕ್ಳವೆ, ಅದ್ಕೇ ತೋರುಸ್ಕೊಂಡು ಓಗಾನ ಅಂತ ಬಂದೆ."

ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು.

"ನನಗೂ ಇತ್ತು ಅಮ್ಮ, ವಾಸಿಯಾಯ್ತು" ಎಂದು ಹೇಳಿ ಅವಳ ಪಕ್ಕದಲ್ಲಿ ಕೂತೆ.